ಲಿಬ್ರೆಆಫೀಸ್ ಬೇಸ್: ಗೆರೆ ಎಳೆದು ಕಟ್ಟಿದ ಕ್ವೆರಿಯಲ್ಲಿ ಲೆಕ್ಕ ತಪ್ಪಿದರೆ ಸರಿಪಡಿಸುವುದು ಹೇಗೆ?

ಸಾಗರ ತಾಲ್ಲೂಕಿನ ಕೆಲವು ಮಹಿಳಾ ಸ್ವಸಹಾಯ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಲು ನಾನು ನೆರವಾಗುತ್ತಿದ್ದ ದಿನಗಳವು. 62 ಸದಸ್ಯೆಯರ ಉಳಿತಾಯ ಮತ್ತು ಸಾಲದ ಕಂತಿನ ಪಟ್ಟಿಯನ್ನು ಮುದ್ರಿಸಿ ಸಭೆಗೆ ಒಯ್ದಿದ್ದೆ. ಹಿರಿಯ ಸದಸ್ಯೆಯೊಬ್ಬರು ತಮ್ಮ ಪಾಸ್‌ಬುಕ್ ತೆರೆದು ನನ್ನ ಮುಂದೆ ಹಿಡಿದರು. "ತಮ್ಮಾ, ನಾನು ಕಟ್ಟಿರುವುದು ನಾನೂರು ರೂಪಾಯಿ. ನಿನ್ನ ಹಾಳೆಯಲ್ಲಿ ಸಾವಿರದ ಇನ್ನೂರು ಎಂದಿದೆ." ಅವರ ಪಕ್ಕದಲ್ಲಿ ಕುಳಿತಿದ್ದವರ ಹೆಸರಂತೂ ಪಟ್ಟಿಯಲ್ಲಿಯೇ ಇರಲಿಲ್ಲ. ಎಣಿಸಿ ನೋಡಿದರೆ 21 ಜನರ ಹೆಸರು ಬಿಟ್ಟುಹೋಗಿತ್ತು.

ಟೈಪ್ ಮಾಡಿದವರ ತಪ್ಪೇನೂ ಇರಲಿಲ್ಲ. ಕೋಷ್ಟಕಗಳಲ್ಲಿ ಪ್ರತಿ ರೂಪಾಯಿಯೂ ಸರಿಯಾಗಿಯೇ ದಾಖಲಾಗಿತ್ತು. ತಪ್ಪಿದ್ದು ನಾನು ಕಟ್ಟಿದ ಕ್ವೆರಿಯಲ್ಲಿ, ಅಂದರೆ ಕೋಷ್ಟಕಗಳಿಂದ ಬೇಕಾದ ಮಾಹಿತಿಯನ್ನು ಕೇಳಿ ತೆಗೆಯುವ ಪ್ರಶ್ನೆಯಲ್ಲಿ. ಕೋಷ್ಟಕಗಳ ನಡುವೆ ಗೆರೆ ಎಳೆದು, ಬೇಕಾದ ಅಂಕಣಗಳನ್ನು ಕೆಳಗಿನ ಖಾನೆಗಳಿಗೆ ಇಳಿಸಿ, ಷರತ್ತು ಬರೆದರೆ ಉತ್ತರ ಬಂದುಬಿಡುತ್ತದೆ. ಬಂದ ಉತ್ತರ ಸರಿ ಎಂದು ನಂಬುವುದೂ ಅಷ್ಟೇ ಸಲೀಸು. ಷರತ್ತನ್ನು ಖಾನೆಗಳಲ್ಲಿ ತುಂಬುವ ಈ ವಿಧಾನವನ್ನು 1970ರ ದಶಕದಲ್ಲಿ ಐಬಿಎಂನ ಮೋಷೆ ಜ್ಲೂಫ್ ರೂಪಿಸಿದರು. ಪ್ರೋಗ್ರಾಮಿಂಗ್ ಬಾರದವರೂ ದತ್ತಾಂಶವನ್ನು ಪ್ರಶ್ನಿಸುವಂತಾಗಲಿ ಎಂಬುದು ಅದರ ಉದ್ದೇಶ. ದತ್ತಾಂಶ ನಿರ್ವಹಣೆಯ ತಂತ್ರಾಂಶವಾದ ಲಿಬ್ರೆಆಫೀಸ್ ಬೇಸ್‌ನಲ್ಲಿ ಕ್ವೆರಿ ಕಟ್ಟುವ ಪರದೆಯಾದ ಡಿಸೈನ್ ವ್ಯೂ ಆ ಪರಂಪರೆಯದು. ಬೇಸ್ ಉಚಿತ, ಕನ್ನಡ ಯೂನಿಕೋಡ್ ಅಕ್ಷರಗಳಲ್ಲಿ ಕೋಷ್ಟಕ, ಅಂಕಣಗಳ ಹೆಸರನ್ನೂ ಇಡಬಹುದು. ಸಣ್ಣ ಸಂಘಗಳಿಗೆ ಇದು ಒಳ್ಳೆಯ ಸಾಧನ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಗೆರೆ, ಖಾನೆ, ಷರತ್ತು ಇವು ಒಳಗೆ ಏನು ಮಾಡುತ್ತವೆ ಎಂಬುದು ಗೊತ್ತಿರಬೇಕು.

ಮುಂದಿನ ಹಂತಗಳಿಗೆ ಮೂರು ಕೋಷ್ಟಕಗಳು ಸಾಕು. ಒಂದು ಸದಸ್ಯೆ: ಸಂಖ್ಯೆ, ಹೆಸರು, ಊರು. ಇನ್ನೊಂದು ಉಳಿತಾಯ: ಯಾರು, ಯಾವ ದಿನ, ಎಷ್ಟು ಕಟ್ಟಿದರು. ಮೂರನೆಯದು ಕಂತು: ಸಾಲ ಪಡೆದವರು ಯಾವ ದಿನ ಎಷ್ಟು ಮರುಪಾವತಿ ಮಾಡಿದರು.

ಮೊದಲು ನಕಲು, ಆಮೇಲೆ ಎಣಿಕೆ

ಬೇಸ್‌ನೊಳಗೇ ದತ್ತಾಂಶ ಇಟ್ಟುಕೊಂಡಿದ್ದರೆ ಕೋಷ್ಟಕ, ಕ್ವೆರಿ, ಫಾರ್ಮ್ ಎಲ್ಲವೂ ಒಂದೇ ಕಡತದಲ್ಲಿರುತ್ತವೆ. ಕೆಲಸ ಶುರು ಮಾಡುವ ಮುನ್ನ ಆ ಕಡತವನ್ನು ದಿನಾಂಕ ಸೇರಿಸಿದ ಹೆಸರಿನಲ್ಲಿ ಪೆನ್‌ಡ್ರೈವ್‌ಗೆ ನಕಲು ಮಾಡಿ. ಕ್ವೆರಿ ಕಿಟಕಿಯಲ್ಲಿ ಸೇವ್ ಒತ್ತಿದರಷ್ಟೇ ಸಾಲದು, ಬೇಸ್‌ನ ಮುಖ್ಯ ಕಿಟಕಿಗೆ ಬಂದು ಅಲ್ಲಿಯೂ ಸೇವ್ ಒತ್ತಬೇಕು. ಇದನ್ನು ಮರೆತಾಗ ಕರೆಂಟ್ ಹೋದರೆ ಅಷ್ಟೂ ಹೊತ್ತಿನ ಕೆಲಸ ನೀರಿನಲ್ಲಿ ಹೋಮ.

ಸರಿಪಡಿಸಬೇಕಾದ ಕ್ವೆರಿಯನ್ನೂ ಹಾಗೆಯೇ ತಿದ್ದಬೇಡಿ. ಕ್ವೆರಿಗಳ ಪಟ್ಟಿಯಲ್ಲಿ ಅದನ್ನು ಕಾಪಿ ಮಾಡಿ, ಅಲ್ಲಿಯೇ ಪೇಸ್ಟ್ ಮಾಡಿ, ಹೊಸ ಹೆಸರು ಕೊಡಿ. ತಪ್ಪಾದ ಹಳೆಯದು ಪಕ್ಕದಲ್ಲಿಯೇ ಇದ್ದರೆ ಹೋಲಿಸಿ ನೋಡಲು ಅನುಕೂಲ.

ಈಗ ಎಣಿಕೆ. ಸದಸ್ಯೆ ಕೋಷ್ಟಕವನ್ನು ತೆರೆದು ಎಷ್ಟು ದಾಖಲೆಗಳಿವೆ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಉಳಿದೆರಡು ಕೋಷ್ಟಕಗಳ ದಾಖಲೆಗಳ ಸಂಖ್ಯೆಯನ್ನೂ, ಮೊತ್ತದ ಅಂಕಣದ ಒಟ್ಟನ್ನೂ ಬರೆದುಕೊಳ್ಳಿ. ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಕಾಣುವ ಸಂಖ್ಯೆಯ ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಬೇಸ್ ಇನ್ನೂ ಎಲ್ಲ ದಾಖಲೆಗಳನ್ನು ಓದಿಲ್ಲ ಎಂದರ್ಥ. ಕೊನೆಯ ದಾಖಲೆಗೆ ಹೋಗುವ ಬಾಣದ ಗುರುತನ್ನು ಒತ್ತಿದ ಮೇಲೆ ಬರುವುದೇ ನಿಜವಾದ ಸಂಖ್ಯೆ. ಮುಂದೆ ಪ್ರತಿ ತಿದ್ದುಪಡಿಯಾದ ಕೂಡಲೇ ಎಫ್5 ಒತ್ತಿ ಕ್ವೆರಿ ಓಡಿಸಿ, ಬಂದ ಸಂಖ್ಯೆಯನ್ನು ಈ ಕಾಗದದೊಂದಿಗೆ ತಾಳೆ ನೋಡಬೇಕು.

ಗೆರೆಯ ಮೇಲೆ ಡಬಲ್ ಕ್ಲಿಕ್ ಮಾಡಿ

ಕ್ವೆರಿಯ ಮೇಲೆ ಬಲ ಕ್ಲಿಕ್ ಮಾಡಿ ಎಡಿಟ್ ಆರಿಸಿದರೆ ಡಿಸೈನ್ ವ್ಯೂ ತೆರೆಯುತ್ತದೆ. ಮೇಲರ್ಧದಲ್ಲಿ ಕೋಷ್ಟಕಗಳ ಪೆಟ್ಟಿಗೆಗಳು, ನಡುವೆ ಗೆರೆಗಳು. ಎರಡು ಪೆಟ್ಟಿಗೆಗಳ ನಡುವೆ ಗೆರೆಯೇ ಇಲ್ಲದಿದ್ದರೆ ಅದನ್ನು ಮೊದಲು ಸರಿಪಡಿಸಿ. ಗೆರೆ ಇಲ್ಲದಾಗ ಒಂದು ಕೋಷ್ಟಕದ ಪ್ರತಿ ದಾಖಲೆಯೂ ಇನ್ನೊಂದರ ಪ್ರತಿ ದಾಖಲೆಯೊಂದಿಗೆ ಜೋಡಿಯಾಗುತ್ತದೆ. 62 ಸದಸ್ಯೆಯರು, 1,500 ಉಳಿತಾಯದ ದಾಖಲೆಗಳಿದ್ದರೆ ಉತ್ತರದಲ್ಲಿ 93,000 ದಾಖಲೆಗಳು ಬಂದು ಬೀಳುತ್ತವೆ. ಸದಸ್ಯೆ ಕೋಷ್ಟಕದ ಸಂಖ್ಯೆಯನ್ನು ಹಿಡಿದೆಳೆದು ಉಳಿತಾಯದಲ್ಲಿರುವ ಸದಸ್ಯೆ ಸಂಖ್ಯೆಯ ಮೇಲೆ ಬಿಟ್ಟರೆ ಗೆರೆ ಮೂಡುತ್ತದೆ. ಟೂಲ್ಸ್ ಮೆನುವಿನ ರಿಲೇಷನ್‌ಶಿಪ್ಸ್‌ನಲ್ಲಿ ಈ ಸಂಬಂಧವನ್ನು ಒಮ್ಮೆ ಹೇಳಿಟ್ಟರೆ ಪ್ರತಿ ಹೊಸ ಕ್ವೆರಿಯಲ್ಲಿಯೂ ಗೆರೆ ತಾನಾಗಿ ಬರುತ್ತದೆ.

ಗೆರೆ ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಂದಿರುವಂತಿಲ್ಲ. ಸುಮ್ಮನೆ ಎಳೆದ ಗೆರೆ ಇನ್ನರ್ ಜಾಯಿನ್ ಆಗಿರುತ್ತದೆ, ಅಂದರೆ ಎರಡೂ ಕಡೆ ಹೊಂದಿಕೆಯಾಗುವ ದಾಖಲೆಗಳಿಗೆ ಮಾತ್ರ ಪ್ರವೇಶ. ಸಾಲವನ್ನೇ ಪಡೆಯದವರಿಗೆ ಕಂತು ಕೋಷ್ಟಕದಲ್ಲಿ ದಾಖಲೆ ಇರುವುದಿಲ್ಲ. ಹಾಗಾಗಿ ಅವರ ಉಳಿತಾಯವೂ, ಹೆಸರೂ ಒಟ್ಟಿಗೆ ಮಾಯವಾಗುತ್ತವೆ. ನನ್ನ ಪಟ್ಟಿಯಿಂದ ಬಿಟ್ಟುಹೋದ ಆ 21 ಮಂದಿ ಒಂದು ರೂಪಾಯಿ ಸಾಲವನ್ನೂ ಮಾಡದೆ ವಾರವಾರ ತಪ್ಪದೆ ದುಡ್ಡು ಕಟ್ಟಿದವರು. ಅವರ ಹೆಸರನ್ನೇ ಬಿಟ್ಟ ಹಾಳೆಯನ್ನು ಅವರ ಮುಂದೆ ಓದಿದೆನಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ.

ಗೆರೆಯ ಮೇಲೆ ಡಬಲ್ ಕ್ಲಿಕ್ ಮಾಡಿ. ಜಾಯಿನ್ ಪ್ರಾಪರ್ಟೀಸ್ ಎಂಬ ಕಿಟಕಿ ತೆರೆಯುತ್ತದೆ. ಟೈಪ್ ಎಂಬಲ್ಲಿ ಇನ್ನರ್ ಬದಲು ಲೆಫ್ಟ್ ಅಥವಾ ರೈಟ್ ಆರಿಸಬೇಕು. ಯಾವುದು ಎಡ, ಯಾವುದು ಬಲ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅದೇ ಕಿಟಕಿಯಲ್ಲಿ ಯಾವ ಕೋಷ್ಟಕದ ಎಲ್ಲ ದಾಖಲೆಗಳು ಬರುತ್ತವೆ, ಯಾವುದರಿಂದ ಹೊಂದಿಕೆಯಾದವು ಮಾತ್ರ ಬರುತ್ತವೆ ಎಂದು ಒಂದು ವಾಕ್ಯ ಕಾಣುತ್ತದೆ. ಸದಸ್ಯೆ ಕೋಷ್ಟಕದ ಎಲ್ಲ ದಾಖಲೆಗಳು ಎಂದು ಅದು ಹೇಳುವವರೆಗೆ ಬದಲಾಯಿಸಿ. ಎಫ್5 ಒತ್ತಿ. 62 ಸದಸ್ಯೆಯರೂ ಬಂದರೇ ಎಂದು ನೋಡಿ.

ಇಲ್ಲೊಂದು ಬಲೆ ಇದೆ. ಲೆಫ್ಟ್ ಜಾಯಿನ್ ಮಾಡಿದ ಮೇಲೆ ಕಂತಿನ ದಿನಾಂಕದ ಕೆಳಗೆ "ಈ ವರ್ಷದ್ದು ಮಾತ್ರ" ಎಂಬ ಷರತ್ತು ಬರೆದರೆ ಬಿಟ್ಟುಹೋಗಿದ್ದವರು ಮತ್ತೆ ಬಿಟ್ಟುಹೋಗುತ್ತಾರೆ. ಕಂತು ಕಟ್ಟದವರ ದಿನಾಂಕ ಖಾಲಿ. ಖಾಲಿಯಾದದ್ದು ಮೌಲ್ಯವನ್ನು ಹೋಲಿಸುವ ಯಾವ ಷರತ್ತಿಗೂ ಒಪ್ಪುವುದಿಲ್ಲ. ಖಾನೆಯಲ್ಲಿ ಬರೆದ ಷರತ್ತು ಜೋಡಣೆ ಮುಗಿದ ಮೇಲೆ ಅನ್ವಯವಾಗುವುದರಿಂದ ಲೆಫ್ಟ್ ಜಾಯಿನ್ ಉಳಿಸಿಕೊಂಡದ್ದನ್ನೆಲ್ಲ ಅದು ಜಾಡಿಸಿ ಹಾಕುತ್ತದೆ. ಇದಕ್ಕೆ ಪರಿಹಾರ ಮುಂದಿನ ಹಂತದಲ್ಲಿಯೇ ಇದೆ.

ನಾನೂರು ಸಾವಿರದ ಇನ್ನೂರಾದದ್ದು ಹೇಗೆ

ಆ ಹಿರಿಯ ಸದಸ್ಯೆ ನಾಲ್ಕು ಸಲ ತಲಾ 100 ರೂಪಾಯಿ ಉಳಿತಾಯ ಕಟ್ಟಿದ್ದರು. ಮೂರು ಸಲ ತಲಾ 500 ರೂಪಾಯಿ ಕಂತು ಕಟ್ಟಿದ್ದರು. ನಾನು ಮೂರೂ ಕೋಷ್ಟಕಗಳನ್ನು ಒಂದೇ ಕ್ವೆರಿಯಲ್ಲಿ ಜೋಡಿಸಿ, ಫಂಕ್ಷನ್ ಎಂಬ ಖಾನೆಯಲ್ಲಿ ಎರಡೂ ಮೊತ್ತಗಳಿಗೆ ಸಮ್ (ಕೂಡು) ಎಂದು ಹಾಕಿದ್ದೆ.

ಸಮ್ ಅನ್ನು ತೆಗೆದು ಬರಿಯ ದಾಖಲೆಗಳನ್ನು ನೋಡಿದಾಗ ಗುಟ್ಟು ಹೊರಬಿತ್ತು. ಅವರ ಹೆಸರಿನಲ್ಲಿ 12 ದಾಖಲೆಗಳಿದ್ದವು. ಉಳಿತಾಯದ ನಾಲ್ಕರಲ್ಲಿ ಪ್ರತಿಯೊಂದೂ ಕಂತಿನ ಮೂರರೊಂದಿಗೆ ಜೋಡಿಯಾಗಿತ್ತು. ಹಾಗಾಗಿ ಪ್ರತಿ ಉಳಿತಾಯವೂ ಮೂರು ಸಲ, ಪ್ರತಿ ಕಂತೂ ನಾಲ್ಕು ಸಲ ಲೆಕ್ಕಕ್ಕೆ ಬಂತು. ಉಳಿತಾಯ 400ರ ಬದಲು 1,200, ಕಂತು 1,500ರ ಬದಲು 6,000. ಬೇಸ್ ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ, ಕೊಡುವುದೂ ಇಲ್ಲ. ಕೂಡಿದ್ದು ಸರಿಯಾಗಿಯೇ ಇದೆ, ಕೂಡಲು ಕೊಟ್ಟದ್ದು ತಪ್ಪು. ಒಂದೇ ತರದ ದಾಖಲೆಗಳನ್ನು ಒಂದೇ ಸಲ ತೋರಿಸುವ ಡಿಸ್ಟಿಂಕ್ಟ್ ಗುಂಡಿ ಒತ್ತಿದರೆ ಸರಿಹೋಗುತ್ತದೆ ಎಂದು ಕೆಲವರು ಹೇಳುವುದುಂಟು. ಅದನ್ನು ನಂಬಬೇಡಿ. ಮೊತ್ತ ಕೂಡಿದ ಮೇಲೆ ಉಳಿಯುವುದು ಒಬ್ಬರಿಗೆ ಒಂದೇ ದಾಖಲೆ, ಅಲ್ಲಿ ಡಿಸ್ಟಿಂಕ್ಟ್‌ಗೆ ಕೆಲಸವೇ ಇಲ್ಲ. ಇನ್ನು ಕೂಡುವ ಮೊದಲೇ ಬರಿಯ ಮೊತ್ತಗಳ ಮೇಲೆ ಅದನ್ನು ಪ್ರಯೋಗಿಸಿದರೆ ಬೇರೆ ಬೇರೆ ವಾರ ಕಟ್ಟಿದ ನೂರು ನೂರು ರೂಪಾಯಿಗಳೆಲ್ಲ ಒಂದೇ ನೂರಾಗಿಬಿಡುತ್ತವೆ.

ಸರಿಯಾದ ದಾರಿ ಹೀಗಿದೆ. ಮೊದಲು ಉಳಿತಾಯ ಕೋಷ್ಟಕವೊಂದನ್ನೇ ಇಟ್ಟುಕೊಂಡು ಹೊಸ ಕ್ವೆರಿ ಮಾಡಿ. ಸದಸ್ಯೆ ಸಂಖ್ಯೆಯ ಕೆಳಗೆ ಫಂಕ್ಷನ್ ಖಾನೆಯಲ್ಲಿ ಗ್ರೂಪ್, ಮೊತ್ತದ ಕೆಳಗೆ ಸಮ್. ಅಲಿಯಾಸ್ ಖಾನೆಯಲ್ಲಿ "ಒಟ್ಟು ಉಳಿತಾಯ" ಎಂದು ಹೆಸರು ಕೊಟ್ಟು, ಕ್ವೆರಿಯನ್ನು "ಉಳಿತಾಯ ಮೊತ್ತ" ಎಂದು ಉಳಿಸಿ. ಇದೇ ರೀತಿ ಕಂತಿಗೂ ಒಂದು. ವರ್ಷದ ಷರತ್ತು ಬೇಕಿದ್ದರೆ ಈ ಒಳಗಿನ ಕ್ವೆರಿಗಳಲ್ಲಿಯೇ ಬರೆಯಿರಿ. ದಿನಾಂಕದ ಅಂಕಣವನ್ನು ಸೇರಿಸಿ, ಷರತ್ತು ಬರೆದು, ವಿಸಿಬಲ್ ಗುರುತನ್ನು ತೆಗೆದರೆ ಆಯಿತು. ಆಗ ಮೇಲೆ ಹೇಳಿದ ಬಲೆಗೂ ಸಿಕ್ಕಿಬೀಳುವುದಿಲ್ಲ.

ಈಗ ಮೂರನೆಯ ಕ್ವೆರಿ. ಕೋಷ್ಟಕ ಸೇರಿಸುವ ಕಿಟಕಿಯಲ್ಲಿ ಟೇಬಲ್ಸ್, ಕ್ವೆರೀಸ್ ಎಂದು ಎರಡು ಆಯ್ಕೆಗಳಿರುತ್ತವೆ. ಸದಸ್ಯೆಯನ್ನು ಮೊದಲನೆಯದರಿಂದ, ಈಗ ಮಾಡಿದ ಎರಡು ಕ್ವೆರಿಗಳನ್ನು ಎರಡನೆಯದರಿಂದ ಸೇರಿಸಿ. ಸದಸ್ಯೆಯಿಂದ ಎರಡಕ್ಕೂ ಗೆರೆ ಎಳೆದು ಎರಡನ್ನೂ ಲೆಫ್ಟ್ ಜಾಯಿನ್ ಮಾಡಿ. ಒಳಗಿನ ಕ್ವೆರಿಗಳಲ್ಲಿ ಒಬ್ಬರಿಗೆ ಒಂದೇ ದಾಖಲೆ ಇರುವುದರಿಂದ ಇಲ್ಲಿ ಗುಣಾಕಾರ ನಡೆಯುವುದಿಲ್ಲ. ಉತ್ತರದಲ್ಲಿ 62 ದಾಖಲೆಗಳು ಬರಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ವರ್ಷದ ಷರತ್ತು ಹಾಕಿರದಿದ್ದರೆ ಒಟ್ಟು ಮೊತ್ತ ನೀವು ಕಾಗದದಲ್ಲಿ ಬರೆದುಕೊಂಡದ್ದಕ್ಕೆ ಸರಿಯಾಗಿ ಹೊಂದಬೇಕು.

ಖಾಲಿ ಬೇರೆ, ಸೊನ್ನೆ ಬೇರೆ

ಲೆಫ್ಟ್ ಜಾಯಿನ್ ಆದ ಮೇಲೆ ಸಾಲ ಪಡೆಯದವರ ಒಟ್ಟು ಕಂತು ಖಾಲಿಯಾಗಿ ಕಾಣುತ್ತದೆ. ಉಳಿತಾಯ ಮತ್ತು ಕಂತನ್ನು ಕೂಡಿಸುವ ಅಂಕಣವನ್ನು ಮಾಡಿದಿರೋ, ಅವರ ಉತ್ತರವೂ ಖಾಲಿ. ಖಾಲಿಯೊಂದಿಗೆ ಏನು ಕೂಡಿದರೂ ಖಾಲಿಯೇ. ಫೀಲ್ಡ್ ಖಾನೆಯಲ್ಲಿ ಅಂಕಣದ ಹೆಸರನ್ನು ಕೋಅಲೆಸ್ (COALESCE) ಎಂಬ ಕ್ರಿಯೆಯೊಳಗೆ ಇಟ್ಟು, ಅಲ್ಪವಿರಾಮ ಹಾಕಿ ಸೊನ್ನೆ ಬರೆದರೆ ಖಾಲಿ ಇದ್ದಲ್ಲಿ ಸೊನ್ನೆ ಬರುತ್ತದೆ. ಕ್ರಿಯೆಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು. ಸೊನ್ನೆಯನ್ನೂ ಇಂಗ್ಲಿಷ್ ಅಂಕಿಯಲ್ಲಿಯೇ.

ಎಣಿಸುವಾಗಲೂ ಇದೇ ಎಚ್ಚರ ಬೇಕು. ಲೆಫ್ಟ್ ಜಾಯಿನ್‌ನಲ್ಲಿ ಎಲ್ಲ ದಾಖಲೆಗಳನ್ನು ಎಣಿಸಿದರೆ ಒಂದೂ ಕಂತು ಕಟ್ಟದವರಿಗೆ ಒಂದು ಎಂದು ಬರುತ್ತದೆ, ಏಕೆಂದರೆ ಅವರ ಹೆಸರಿನ ದಾಖಲೆ ಒಂದಿದೆ. ಕಂತು ಕೋಷ್ಟಕದ ಸಂಖ್ಯೆಯ ಅಂಕಣದ ಮೇಲೆ ಕೌಂಟ್ ಹಾಕಿ. ಖಾಲಿಯನ್ನು ಅದು ಎಣಿಸುವುದಿಲ್ಲ.

ಬಡ್ಡಿ ಲೆಕ್ಕ ಮಾಡುವವರು ಇನ್ನೊಂದನ್ನು ಗಮನಿಸಿ. ಪೂರ್ಣಾಂಕದ ಅಂಕಣವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಮಾಂಶ ಉದುರಿಹೋಗುತ್ತದೆ, 7 ಭಾಗಿಸು 2 ಎಂದರೆ 3. ಹಣದ ಅಂಕಣಗಳನ್ನು ಕೋಷ್ಟಕ ಕಟ್ಟುವಾಗಲೇ ಡೆಸಿಮಲ್ ಬಗೆಯದಾಗಿ, ಎರಡು ದಶಮಾಂಶ ಸ್ಥಾನಗಳೊಂದಿಗೆ ಇಡುವುದು ಕ್ಷೇಮ.

ಅಡ್ಡಸಾಲಿನಲ್ಲಿ "ಮತ್ತು", ಕೆಳಸಾಲಿನಲ್ಲಿ "ಅಥವಾ"

ಕ್ರೈಟೀರಿಯನ್ ಎಂಬ ಒಂದೇ ಅಡ್ಡಸಾಲಿನಲ್ಲಿ ಬರೆದ ಷರತ್ತುಗಳೆಲ್ಲ ಒಟ್ಟಿಗೆ ನಿಜವಾಗಬೇಕು. ಅದರ ಕೆಳಗಿನ ಆರ್ ಸಾಲುಗಳು ಪರ್ಯಾಯಗಳು. ಆನಂದಪುರ ಅಥವಾ ತ್ಯಾಗರ್ತಿಯ ಸದಸ್ಯೆಯರಲ್ಲಿ ಕಂತು ಕಟ್ಟದವರು ಯಾರು ಎಂದು ತಿಳಿಯಬೇಕಾಗಿದೆ ಎನ್ನಿ. ಊರಿನ ಅಂಕಣದಲ್ಲಿ ಒಂದರ ಕೆಳಗೆ ಒಂದರಂತೆ ಎರಡು ಹೆಸರು ಬರೆದು, ಕಂತಿನ ಅಂಕಣದ ಮೊದಲ ಸಾಲಿನಲ್ಲಿ ಮಾತ್ರ ಈಸ್ ಎಂಪ್ಟಿ (ಖಾಲಿ ಇದೆ) ಎಂದು ಬರೆದರೆ ಆನಂದಪುರದಿಂದ ಕಂತು ಕಟ್ಟದವರೂ, ತ್ಯಾಗರ್ತಿಯಿಂದ ಎಲ್ಲರೂ ಬರುತ್ತಾರೆ. ಸಾಮಾನ್ಯ ಷರತ್ತನ್ನು ಪ್ರತಿ ಸಾಲಿನಲ್ಲಿಯೂ ಮತ್ತೆ ಬರೆಯಬೇಕು. ಸಮಯಕ್ಕೆ ಸರಿಯಾಗಿ ಕಟ್ಟಿದವರ ಮನೆಗೆ ವಸೂಲಿಗೆ ಹೋಗುವಂತಾಗಬಾರದಲ್ಲ.

ಪಠ್ಯಕ್ಕೆ ಒಂಟಿ ಉದ್ಧರಣ ಚಿಹ್ನೆ, ಅಂಕಣದ ಹೆಸರಿಗೆ ಜೋಡಿ ಉದ್ಧರಣ ಚಿಹ್ನೆ. ಊರಿನ ಹೆಸರನ್ನು ಜೋಡಿ ಚಿಹ್ನೆಯೊಳಗೆ ಬರೆದು, "ಅಂತಹ ಅಂಕಣ ಇಲ್ಲ" ಎಂಬ ದೂರು ಬಂದಾಗ ಕಂಗಾಲಾದವರನ್ನು ನೋಡಿದ್ದೇನೆ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಿರಿ. 04/05 ಎಂದರೆ ಮೇ 4ನೆಯ ತಾರೀಕೋ ಏಪ್ರಿಲ್ 5ನೆಯದೋ ಎಂಬ ಗೊಂದಲ ಬರುವುದಿಲ್ಲ. 2024-25ರ ಹಣಕಾಸು ವರ್ಷಕ್ಕಾದರೆ 2024-04-01ರಿಂದ ಶುರುವಾಗಿ 2025-04-01ಕ್ಕಿಂತ ಮೊದಲು ಎಂದು ಷರತ್ತು ಕೊಡಿ. ದಿನಾಂಕದೊಂದಿಗೆ ಸಮಯವೂ ದಾಖಲಾಗಿದ್ದಾಗ "ಮಾರ್ಚ್ 31ರವರೆಗೆ" ಎಂದರೆ ಆ ಕೊನೆಯ ದಿನ ಕಟ್ಟಿದ್ದೆಲ್ಲ ಹೊರಗುಳಿಯುತ್ತದೆ.

ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು

ಕನ್ನಡದಲ್ಲಿ ದತ್ತಾಂಶ ಇಟ್ಟವರು ಈ ಹಂತವನ್ನು ಬಿಡಲೇಬಾರದು. ಊರಿನ ಅಂಕಣಕ್ಕೆ ಗ್ರೂಪ್, ಸದಸ್ಯೆ ಸಂಖ್ಯೆಗೆ ಕೌಂಟ್ ಹಾಕಿ ಒಂದು ಪುಟ್ಟ ಕ್ವೆರಿ ಓಡಿಸಿ. ನಾನು ಓಡಿಸಿದಾಗ ಆನಂದಪುರ ಎಂಬುದು ಎರಡು ಸಲ ಬಂತು. ಎಷ್ಟು ದಿಟ್ಟಿಸಿದರೂ ವ್ಯತ್ಯಾಸವೇ ಕಾಣಲಿಲ್ಲ. ಅಕ್ಷರವನ್ನು ದೊಡ್ಡದು ಮಾಡಿದಾಗ ತಿಳಿಯಿತು, ಒಂದು "ಆನಂದಪುರ", ಇನ್ನೊಂದು "ಆನ೦ದಪುರ". ಎರಡನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಕುಳಿತಿದೆ. ಯೂನಿಕೋಡ್‌ನಲ್ಲಿ ಅವೆರಡೂ ಬೇರೆ ಬೇರೆ ಸಂಕೇತಗಳು. ಆನಂದಪುರ ಎಂದು ಷರತ್ತು ಕೊಟ್ಟರೆ ಸೊನ್ನೆ ಹಾಕಿ ಬರೆದವರು ಬರುವುದಿಲ್ಲ. ಇವರನ್ನು ಹಿಡಿಯಲು ಊರಿನ ಕೆಳಗೆ ಲೈಕ್ ಎಂದು ಬರೆದು, ಒಂಟಿ ಉದ್ಧರಣ ಚಿಹ್ನೆಯೊಳಗೆ ಎರಡು ನಕ್ಷತ್ರಗಳ ನಡುವೆ ಕನ್ನಡ ಸೊನ್ನೆಯನ್ನು ಇಡಿ. ಡಿಸೈನ್ ವ್ಯೂನಲ್ಲಿ ನಕ್ಷತ್ರ ಎಂದರೆ "ಏನಿದ್ದರೂ ಸರಿ".

ಹೆಸರುಗಳಲ್ಲಿ ಇನ್ನೊಂದು ಬಗೆಯ ತೊಡಕು. "ನೂರ್‌ಜಹಾನ್" ಎಂದು ಒತ್ತಕ್ಷರವಾಗದಂತೆ ಬರೆಯಲು ರ್ ಮತ್ತು ಜ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು. ಅದನ್ನು ಹಾಕದೆ ಬರೆದರೆ "ನೂರ್ಜಹಾನ್". ಇಲ್ಲಿ ವ್ಯತ್ಯಾಸ ಕಾಣುತ್ತದೆ ನಿಜ, ಆದರೆ ಅದೇ ಸಂಕೇತ ಹೆಸರಿನ ಕೊನೆಯಲ್ಲಿ ಸೇರಿಕೊಂಡರೆ ಏನೂ ಕಾಣುವುದಿಲ್ಲ. ಹೆಸರಿನ ಉದ್ದವನ್ನು ಹೇಳುವ ಲೆಂತ್ ಕ್ರಿಯೆಯನ್ನು ಒಂದು ಅಂಕಣದಲ್ಲಿ ಹಾಕಿ ನೋಡಿ. ಸಂಕೇತವಿಲ್ಲದ ನೂರ್ಜಹಾನ್‌ಗೆ 9, ಸಂಕೇತವಿರುವುದಕ್ಕೆ 10. ಕೊನೆಯಲ್ಲಿ ಬಿಟ್ಟ ಖಾಲಿ ಜಾಗವೂ ಹೀಗೆಯೇ ಸಿಕ್ಕಿಬೀಳುತ್ತದೆ. ಅನುಸ್ವಾರದ ತಪ್ಪಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಎರಡು ಆನಂದಪುರಗಳ ಉದ್ದವೂ 7.

ಡಿಸೈನ್ ವ್ಯೂ ದತ್ತಾಂಶವನ್ನು ಹುಡುಕಿ ತೋರಿಸುತ್ತದೆಯೇ ಹೊರತು ಒಟ್ಟಿಗೆ ತಿದ್ದುವುದಿಲ್ಲ. ಹತ್ತಾರು ದಾಖಲೆಗಳಾದರೆ ಕೋಷ್ಟಕ ತೆರೆದು ಕೈಯಿಂದಲೇ ತಿದ್ದಿ. ನೂರಾರು ಇದ್ದರೆ ಟೂಲ್ಸ್ ಮೆನುವಿನ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆ) ಕಿಟಕಿಯಲ್ಲಿ ಅಪ್‌ಡೇಟ್ ಆದೇಶ ಕೊಡಬೇಕು, ಕೊಟ್ಟ ಮೇಲೆ ವ್ಯೂ ಮೆನುವಿನಿಂದ ಕೋಷ್ಟಕಗಳನ್ನು ರಿಫ್ರೆಶ್ ಮಾಡಬೇಕು. ಶಾಶ್ವತ ಪರಿಹಾರ ಬೇರೆ ಇದೆ. ಊರುಗಳಿಗೇ ಒಂದು ಕೋಷ್ಟಕ ಮಾಡಿ, ಫಾರ್ಮ್‌ನಲ್ಲಿ ಊರನ್ನು ಟೈಪ್ ಮಾಡಿಸುವ ಬದಲು ಪಟ್ಟಿಯಿಂದ ಆರಿಸುವಂತೆ ಮಾಡಿ. ಹಳೆಯ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ ಪಟ್ಟಿ ನಿಮ್ಮಲ್ಲಿದ್ದರೆ ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿದ ನಂತರವೇ ಬೇಸ್‌ಗೆ ತನ್ನಿ.

ಡಿಸೈನ್ ವ್ಯೂ ಒಪ್ಪದಿದ್ದಾಗ

ಕೆಲವು ಕ್ರಿಯೆಗಳು ಬೇಸ್‌ಗೆ ಅರ್ಥವಾಗದೆ, "ಸಿಂಟ್ಯಾಕ್ಸ್ ತಪ್ಪು" ಎನ್ನುತ್ತದೆ. ಆಗ ಎಸ್‌ಕ್ಯೂಎಲ್ ವ್ಯೂಗೆ ಹೋಗಿ, "ರನ್ ಎಸ್‌ಕ್ಯೂಎಲ್ ಕಮಾಂಡ್ ಡೈರೆಕ್ಟ್‌ಲಿ" ಎಂಬ ಗುಂಡಿಯನ್ನು ಒತ್ತಿಟ್ಟರೆ ಬೇಸ್ ನಡುವೆ ಬಾರದೆ ನಿಮ್ಮ ಮಾತನ್ನು ದತ್ತಾಂಶವನ್ನು ಒಳಗೆ ನಿಭಾಯಿಸುವ ಡೇಟಾಬೇಸ್ ಎಂಜಿನ್‌ಗೆ ನೇರವಾಗಿ ದಾಟಿಸುತ್ತದೆ. ಇದರ ಬೆಲೆಯೂ ಇದೆ. ಆ ಕ್ವೆರಿಗೆ ಮತ್ತೆ ಡಿಸೈನ್ ವ್ಯೂ ಸಿಗದು. ನಕ್ಷತ್ರದ ಬದಲು ಶೇಕಡಾ ಚಿಹ್ನೆ ಬಳಸಬೇಕು. ಕೋಲನ್ ಇಟ್ಟು ಬರೆದ, ಕ್ವೆರಿ ಓಡಿಸುವಾಗ ಬೇಸ್ ನಿಮ್ಮನ್ನು ಕೇಳಿ ಪಡೆಯುವ ಮೌಲ್ಯಗಳು ಕೆಲಸ ಮಾಡುವುದಿಲ್ಲ. "ಉಳಿತಾಯ ಮೊತ್ತ"ದಂತಹ ನಿಮ್ಮ ಉಳಿಸಿಟ್ಟ ಕ್ವೆರಿಗಳ ಪರಿಚಯ ಎಂಜಿನ್‌ಗೆ ಇರುವುದಿಲ್ಲ. ಅಂತಹ ಕ್ವೆರಿಯ ಮೇಲೆ ಬಲ ಕ್ಲಿಕ್ ಮಾಡಿ ವ್ಯೂ (ಎಂಜಿನ್‌ನಲ್ಲಿಯೇ ಉಳಿಯುವ, ಕೋಷ್ಟಕದಂತೆ ಬಳಸಬಹುದಾದ ಕ್ವೆರಿ) ಆಗಿ ಮಾರ್ಪಡಿಸಿದರೆ ಆಗ ಎಂಜಿನ್‌ಗೂ ಅದು ತಿಳಿಯುತ್ತದೆ. ಬೇರೆ ದಾರಿ ಇಲ್ಲದಾಗ ಮಾತ್ರ ಈ ಗುಂಡಿ ಒತ್ತಿ ಎಂಬುದು ನನ್ನ ಸಲಹೆ. ನಿಮ್ಮ ನಂತರ ಈ ಲೆಕ್ಕವನ್ನು ನೋಡಿಕೊಳ್ಳುವವರಿಗೆ ಎಸ್‌ಕ್ಯೂಎಲ್ ಬರುತ್ತದೆ ಎಂದು ಹೇಳಲಾಗದು, ಗೆರೆ ಮತ್ತು ಖಾನೆ ಅವರಿಗೂ ಅರ್ಥವಾಗುತ್ತವೆ.

ಮುದ್ರಿಸುವ ಮುನ್ನ ಮೂರು ಪಾಸ್‌ಬುಕ್

ದಾಖಲೆಗಳ ಸಂಖ್ಯೆ ಸರಿ, ಒಟ್ಟು ಮೊತ್ತ ಸರಿ ಎಂದಾದ ಮೇಲೆ ಮೂವರ ಪಾಸ್‌ಬುಕ್ ತರಿಸಿಕೊಳ್ಳಿ. ಸಿಕ್ಕವರದ್ದಲ್ಲ, ಆರಿಸಿ ತರಿಸಿ. ಒಮ್ಮೆಯೂ ಸಾಲ ಪಡೆಯದ ಒಬ್ಬರು, ಉಳಿತಾಯ ಮತ್ತು ಕಂತು ಎರಡನ್ನೂ ಹಲವು ಸಲ ಕಟ್ಟಿದ ಒಬ್ಬರು, ಹೆಸರಿನಲ್ಲೋ ಊರಿನಲ್ಲೋ ಅನುಸ್ವಾರ ಇರುವ ಒಬ್ಬರು. ಮೊದಲನೆಯವರು ಗೆರೆಯ ತಪ್ಪನ್ನು, ಎರಡನೆಯವರು ಗುಣಾಕಾರದ ತಪ್ಪನ್ನು, ಮೂರನೆಯವರು ಅಕ್ಷರದ ತಪ್ಪನ್ನು ತೋರಿಸಿಕೊಡುತ್ತಾರೆ. ಪಾಸ್‌ಬುಕ್‌ನ ಮೊತ್ತವನ್ನು ನೀವೇ ಕೂಡಿ, ಆಮೇಲೆ ಪರದೆಯ ಮೇಲಿನ ಸಂಖ್ಯೆಯನ್ನು ನೋಡಿ. ಮೊದಲೇ ಪರದೆ ನೋಡಿದರೆ ಮನಸ್ಸು ಆ ಸಂಖ್ಯೆಯ ಕಡೆಗೇ ಕೂಡತೊಡಗುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಮುದ್ರಣ ನಿಲ್ಲಿಸಿ, ಫಂಕ್ಷನ್ ಖಾನೆಯ ಸಮ್ ಮತ್ತು ಗ್ರೂಪ್ ತೆಗೆದು, ಆ ಒಬ್ಬ ಸದಸ್ಯೆಯ ಸಂಖ್ಯೆಯನ್ನು ಷರತ್ತಾಗಿ ಕೊಟ್ಟು, ಬಂದ ದಾಖಲೆಗಳನ್ನು ಪಾಸ್‌ಬುಕ್‌ನ ಸಾಲುಗಳ ಪಕ್ಕದಲ್ಲಿಟ್ಟು ಒಂದೊಂದಾಗಿ ಗುರುತು ಹಾಕುತ್ತ ಬನ್ನಿ.